ಅರ್ಜಿಯಲ್ಲಿ ಖಾಲಿ ಉಳಿದ ಕಲಂಗಳು ಮತ್ತು ಗಣಕಯಂತ್ರಗಳ ನಡುವಿನ ಸಂದೇಶಗಳು: ಅರ್ಜಿದಾರರಿಗೆ ವಿವರಣೆ

ಇಲಾಖೆಯ ಸೇವೆಗಳಿಗಾಗಿ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಿಂದ ಎರಡು ಬಗೆಯ ವಿಚಾರಣೆಗಳು ಪದೇ ಪದೇ ಸ್ವೀಕೃತವಾಗುತ್ತಿವೆ. ಕೆಂಪು ನಕ್ಷತ್ರದ ಗುರುತಿದ್ದ ಎಲ್ಲ ಕಲಂಗಳನ್ನೂ ಭರ್ತಿ ಮಾಡಿದ್ದಾಗ್ಯೂ ಅರ್ಜಿಯು 'ಮಾಹಿತಿ ನಿರೀಕ್ಷಿಸಲಾಗಿದೆ' ಎಂಬ ಹಂತದಲ್ಲಿಯೇ ನಿಂತಿರುವುದೇಕೆ ಎಂಬುದು ಮೊದಲನೆಯದು. ಬ್ಯಾಂಕ್ ಖಾತೆಯಿಂದ ಶುಲ್ಕ ಕಡಿತವಾಗಿದ್ದರೂ ಅರ್ಜಿಯ ಪುಟದಲ್ಲಿ 'ಪಾವತಿ ದೃಢಪಟ್ಟಿಲ್ಲ' ಎಂದು ಕಾಣುವುದೇಕೆ ಎಂಬುದು ಎರಡನೆಯದು. ಮೇಲ್ನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳೆಂದು ತೋರಿದರೂ ಎರಡರ ಮೂಲವೂ ಒಂದೇ ಆಗಿದೆ. ಅರ್ಜಿದಾರರು ತುಂಬುವ ನಮೂನೆಯ ಹಿಂದೆ ಒಂದು ಗಣಕಯಂತ್ರವು ಮತ್ತೊಂದು ಗಣಕಯಂತ್ರಕ್ಕೆ ಕಳುಹಿಸುವ ಸಂದೇಶಗಳಿರುತ್ತವೆ. ಆ ಸಂದೇಶಗಳಲ್ಲಿ ಕೆಲವು ಕಲಂಗಳು ಖಾಲಿಯಾಗಿರುತ್ತವೆ, ಇಲ್ಲವೇ ಕಲಮೇ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಸ್ವೀಕರಿಸುವ ತಂತ್ರಾಂಶವು ಏನು ಮಾಡುತ್ತದೆ, ಏನು ಮಾಡಬಾರದು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸಂದೇಶವು ಬರುವ ಬಗೆ

ಒಂದು ಕಚೇರಿಯ ಗಣಕಯಂತ್ರವು ಮತ್ತೊಂದರಿಂದ ಮಾಹಿತಿ ಪಡೆಯಲು ಎರಡು ದಾರಿಗಳಿವೆ. ನಿಗದಿತ ಅವಧಿಗೊಮ್ಮೆ ತಾನೇ ಹೋಗಿ 'ಏನಾದರೂ ಬಂದಿದೆಯೇ' ಎಂದು ಕೇಳುವುದು ಒಂದು. ವಿಷಯ ಘಟಿಸಿದ ಕೂಡಲೇ ಕಳುಹಿಸುವವರೇ ನಮ್ಮ ಬಾಗಿಲಿಗೆ ಬಂದು ಪತ್ರ ಕೊಟ್ಟು ಹೋಗುವುದು ಇನ್ನೊಂದು. ಈ ಎರಡನೆಯ ಕ್ರಮಕ್ಕೆ ತಾಂತ್ರಿಕ ಭಾಷೆಯಲ್ಲಿ ವೆಬ್‌ಹುಕ್ ಎನ್ನುತ್ತಾರೆ. ಶುಲ್ಕ ಪಾವತಿಯಾದಾಗ ಪಾವತಿ ಸಂಸ್ಥೆಯ ಗಣಕಯಂತ್ರವು ಇಲಾಖೆಯ ತಂತ್ರಾಂಶಕ್ಕೆ ಕಳುಹಿಸುವ ಸೂಚನೆಯು ಇದಕ್ಕೆ ಅತಿ ಪರಿಚಿತ ಉದಾಹರಣೆ. ಅರ್ಜಿದಾರರ ಪರದೆಯ ಮೇಲೆ ಪುಟವು ಮರಳಿ ಬರುವುದಕ್ಕೂ ಈ ಸೂಚನೆಗೂ ಸಂಬಂಧವಿಲ್ಲ. ಪುಟ ತೆರೆಯುವ ಮೊದಲೇ ಸೂಚನೆ ಬಂದಿರಬಹುದು, ವಿದ್ಯುತ್ ಹೋಗಿ ಪುಟ ತೆರೆಯದೇ ಇದ್ದರೂ ಸೂಚನೆ ಬರಬಹುದು.

ಸರ್ಕಾರಿ ಕಚೇರಿಯ ಟಪಾಲು ಶಾಖೆಯನ್ನು ಬಲ್ಲವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಲಕೋಟೆ ಬಂದಾಗ ಟಪಾಲು ಗುಮಾಸ್ತರು ಮೊಹರು ಒತ್ತಿ ಸ್ವೀಕೃತಿ ಕೊಡುತ್ತಾರೆ. ಒಳಗಿನ ಅರ್ಜಿ ಕ್ರಮಬದ್ಧವಾಗಿದೆಯೇ, ಅಡಕಗಳೆಲ್ಲ ಇವೆಯೇ ಎಂಬುದನ್ನು ಆ ಮೇಲೆ ಸಂಬಂಧಿಸಿದ ಶಾಖೆ ಪರಿಶೀಲಿಸುತ್ತದೆ. ಮೊಹರು ಒತ್ತಿದ ಮಾತ್ರಕ್ಕೆ ಅರ್ಜಿ ಮಂಜೂರಾಯಿತೆಂದು ಯಾರೂ ಭಾವಿಸುವುದಿಲ್ಲ. ವೆಬ್‌ಹುಕ್ ಸಂದೇಶಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಸ್ವೀಕರಿಸಿದ ತಂತ್ರಾಂಶವು 200ರ ಸರಣಿಯ ಒಂದು ಸಂಕೇತವನ್ನು ಹಿಂದಕ್ಕೆ ಕಳುಹಿಸಿದರೆ 'ತಲುಪಿದೆ' ಎಂದಷ್ಟೇ ಅರ್ಥ. 400ರ ಸರಣಿಯ ಸಂಕೇತವು ಸಂದೇಶದಲ್ಲಿಯೇ ದೋಷವಿದೆ ಎಂದೂ, 500ರ ಸರಣಿಯದು ಸ್ವೀಕರಿಸುವ ಕಡೆಯಲ್ಲಿ ದೋಷವಿದೆ ಎಂದೂ ತಿಳಿಸುತ್ತದೆ. 'ತಲುಪಿದೆ' ಎಂಬ ಉತ್ತರ ಸಿಗದಿದ್ದರೆ ಕಳುಹಿಸುವ ಸಂಸ್ಥೆಗಳು ಸಾಮಾನ್ಯವಾಗಿ ಅದೇ ಸಂದೇಶವನ್ನು ಸ್ವಲ್ಪ ಸ್ವಲ್ಪ ಸಮಯ ಬಿಟ್ಟು ಮತ್ತೆ ಮತ್ತೆ ಕಳುಹಿಸುತ್ತವೆ, ಕೆಲವು ಪ್ರಯತ್ನಗಳ ನಂತರ ಕೈಬಿಡುತ್ತವೆ.

ಆದ್ದರಿಂದ ಒಂದು ಐಚ್ಛಿಕ ಕಲಂ ಖಾಲಿ ಇದೆಯೆಂಬ ಕಾರಣಕ್ಕೆ ಇಡೀ ಲಕೋಟೆಯನ್ನೇ ಬಾಗಿಲಿನಿಂದ ಹಿಂದಿರುಗಿಸುವುದು ಸರಿಯಾದ ಕ್ರಮವಲ್ಲ. ಎಷ್ಟು ಸಲ ಕಳುಹಿಸಿದರೂ ಆ ಕಲಂ ತಾನಾಗಿ ತುಂಬುವುದಿಲ್ಲ. ಕೊನೆಗೆ ಕಳುಹಿಸುವವರು ಕೈಬಿಟ್ಟಾಗ ಅರ್ಜಿದಾರರು ಕಟ್ಟಿದ ಹಣದ ಸುದ್ದಿಯೂ ಆ ಲಕೋಟೆಯೊಂದಿಗೇ ಕಳೆದುಹೋಗುತ್ತದೆ. ಮೊದಲು ಸ್ವೀಕರಿಸಿ, ದಾಖಲಿಸಿ, ನಂತರ ಪರಿಶೀಲಿಸುವುದೇ ಸೂಕ್ತ. ಒಂದು ವಿಷಯದಲ್ಲಿ ಮಾತ್ರ ವಿನಾಯಿತಿ ಇರತಕ್ಕದ್ದಲ್ಲ: ಅದು ಕಳುಹಿಸಿದವರ ಸಹಿ. ಇಂತಹ ಸಂದೇಶಗಳ ಜೊತೆಗೆ, ಎರಡೂ ಕಡೆಯವರಿಗೆ ಮಾತ್ರ ತಿಳಿದಿರುವ ರಹಸ್ಯ ಕೀಲಿಯಿಂದ ಲೆಕ್ಕ ಹಾಕಿದ ಒಂದು ಗುರುತು ಬರುತ್ತದೆ. ಸಂದೇಶದ ಒಂದೇ ಒಂದು ಅಕ್ಷರ ಬದಲಾದರೂ ಈ ಗುರುತು ತಾಳೆಯಾಗುವುದಿಲ್ಲ. ಸಹಿ ಇಲ್ಲದ ಅಥವಾ ತಾಳೆಯಾಗದ ಸಂದೇಶವನ್ನು 'ಉಳಿದದ್ದೆಲ್ಲ ಸರಿಯಿದೆಯಲ್ಲ' ಎಂದು ಅಂಗೀಕರಿಸಿದರೆ, ಯಾರು ಬೇಕಾದರೂ 'ಶುಲ್ಕ ಪಾವತಿಯಾಗಿದೆ' ಎಂದು ಬರೆದು ಕಳುಹಿಸಬಹುದಾಗುತ್ತದೆ.

ಖಾಲಿ ಎಂಬುದು ಒಂದೇ ಬಗೆಯದಲ್ಲ

ಕಾಗದದ ನಮೂನೆಯಲ್ಲಿ ಖಾಲಿ ಕಲಂ ಎಂದರೆ ಖಾಲಿ ಕಲಂ. ಗಣಕಯಂತ್ರದ ಸಂದೇಶದಲ್ಲಿ ಅದಕ್ಕೆ ಕನಿಷ್ಠ ನಾಲ್ಕು ರೂಪಗಳಿವೆ. ಕಲಂನ ಹೆಸರೇ ಸಂದೇಶದಲ್ಲಿ ಇಲ್ಲದಿರಬಹುದು. ಕಲಂ ಇದ್ದು ಅದರ ಮುಂದೆ 'ನಲ್' ಎಂದು, ಅಂದರೆ ಮೌಲ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಿರಬಹುದು. ಕಲಂ ಇದ್ದು ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದಿರಬಹುದು. ಬರೆಯಲು ಕುಳಿತು ಏನನ್ನೂ ಬರೆಯದೆ ಎದ್ದು ಹೋದಂತೆ. ನಾಲ್ಕನೆಯದಾಗಿ, ಸೊನ್ನೆ, ಅಡ್ಡಗೆರೆ, 'ಎನ್‌ಎ', 'ಇಲ್ಲ' ಎಂಬಂತಹ ಏನೋ ಒಂದನ್ನು ತುಂಬಿರಬಹುದು.

ಲೆಕ್ಕಪತ್ರ ಓದಿದವರಿಗೆ ಇವುಗಳ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಗದು ಪುಸ್ತಕದಲ್ಲಿ ಒಂದು ದಿನದ ಎದುರು ಸೊನ್ನೆ ಬರೆದಿದ್ದರೆ ಆ ದಿನ ವಹಿವಾಟು ನಡೆಯಲಿಲ್ಲವೆಂದು ಬರೆದವರು ಹೊಣೆ ಹೊತ್ತು ಹೇಳಿದಂತಾಯಿತು. ಆ ಜಾಗ ಖಾಲಿ ಇದ್ದರೆ ವಹಿವಾಟು ನಡೆಯಿತೋ ಇಲ್ಲವೋ ಪುಸ್ತಕಕ್ಕೆ ಗೊತ್ತಿಲ್ಲ. ಪುಟವೇ ಇಲ್ಲದಿದ್ದರೆ ಲೆಕ್ಕ ಪರಿಶೋಧಕರು ಕೇಳುವ ಪ್ರಶ್ನೆಯೇ ಬೇರೆ.

ವಾರ್ಷಿಕ ಆದಾಯದ ಕಲಂ ಅನ್ನು ತೆಗೆದುಕೊಳ್ಳೋಣ. ಅರ್ಜಿದಾರರ ಆದಾಯ 'ಸೊನ್ನೆ' ಎಂದು ಬಂದರೆ ಅದೊಂದು ಹೇಳಿಕೆ. ಅದನ್ನು ಪರಿಶೀಲಿಸಬಹುದು, ಒಪ್ಪಬಹುದು, ತಳ್ಳಿಹಾಕಬಹುದು. ಆದಾಯದ ಕಲಮೇ ಬಾರದಿದ್ದಾಗ ತಂತ್ರಾಂಶವು ತಾನೇ ಸೊನ್ನೆಯನ್ನು ತುಂಬಿಕೊಂಡರೆ, ಅರ್ಜಿದಾರರು ಹೇಳದೇ ಇದ್ದ ಮಾತನ್ನು ಅವರ ಬಾಯಿಂದ ಹೇಳಿಸಿದಂತಾಗುತ್ತದೆ. ಆದಾಯದ ಮಿತಿ ಇರುವ ಯೋಜನೆಯಲ್ಲಿ ಇದರಿಂದ ಅನರ್ಹರು ಆಯ್ಕೆಯಾಗಬಹುದು. ಮುಂದೊಂದು ದಿನ ತಪಾಸಣೆ ನಡೆದಾಗ ಸುಳ್ಳು ಮಾಹಿತಿ ಕೊಟ್ಟ ಆಪಾದನೆ ಮಾತ್ರ ಅರ್ಜಿದಾರರ ಮೇಲೆಯೇ ಬರುತ್ತದೆ. ದಿನಾಂಕದ ಕಲಂನಲ್ಲಿಯೂ ಇಂತಹ ಅಪಾಯವಿದೆ. ಅನೇಕ ಗಣಕ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಕ್ಷಣಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ. ಖಾಲಿ ದಿನಾಂಕವನ್ನು ಸೊನ್ನೆ ಎಂದು ತಿಳಿದರೆ ಅದು 01-01-1970 ಆಗಿ ಮುದ್ರಣವಾಗುತ್ತದೆ. ತಮ್ಮ ಯಾವುದೇ ದಾಖಲೆಯಲ್ಲಿ ಕಾರಣವಿಲ್ಲದೆ ಈ ದಿನಾಂಕ ಕಂಡುಬಂದಲ್ಲಿ, ಎಲ್ಲಿಯೋ ಒಂದು ಖಾಲಿ ಕಲಂ ಸೊನ್ನೆಯಾಗಿ ಬದಲಾಗಿರುವ ಸಂಭವವಿದೆಯೆಂದು ನಾಗರಿಕರು ತಿಳಿಯತಕ್ಕದ್ದು.

ತಿದ್ದುಪಡಿ ಸಂದೇಶಗಳಲ್ಲಿ ಈ ವ್ಯತ್ಯಾಸವು ಇನ್ನಷ್ಟು ತೀಕ್ಷ್ಣವಾಗುತ್ತದೆ. ಅರ್ಜಿದಾರರು ತಮ್ಮ ಮೊಬೈಲ್ ಸಂಖ್ಯೆಯನ್ನು ಮಾತ್ರ ಬದಲಿಸಿದರೆಂದು ಭಾವಿಸೋಣ. ಬರುವ ಸಂದೇಶದಲ್ಲಿ ಹೊಸ ಸಂಖ್ಯೆ ಮಾತ್ರ ಇರುತ್ತದೆ, ವಿಳಾಸ ಇರುವುದಿಲ್ಲ. ಇಲ್ಲಿ 'ಇಲ್ಲ' ಎಂದರೆ 'ಮೊದಲಿನಂತೆಯೇ ಇರಲಿ' ಎಂದರ್ಥ, 'ಅಳಿಸಿ' ಎಂದಲ್ಲ. ಅಳಿಸಬೇಕಾದಲ್ಲಿ 'ನಲ್' ಎಂದು ಸ್ಪಷ್ಟವಾಗಿ ಕಳುಹಿಸಬೇಕು. ಅಂತರ್ಜಾಲದ ತಾಂತ್ರಿಕ ಮಾನಕಗಳ ಪೈಕಿ 2014ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 7396 ಎಂಬ ದಾಖಲೆಯು ಇದೇ ಕ್ರಮವನ್ನು ನಿಗದಿಪಡಿಸಿದೆ. ಇದನ್ನು ಪಾಲಿಸದ ತಂತ್ರಾಂಶವು ಬಾರದ ಕಲಂಗಳನ್ನೆಲ್ಲ ಖಾಲಿ ಮಾಡುತ್ತಾ ಹೋಗುತ್ತದೆ. ಮೊಬೈಲ್ ಸಂಖ್ಯೆ ಬದಲಿಸಿದ ವೃದ್ಧರೊಬ್ಬರ ವಿಳಾಸ ಕಡತದಿಂದ ಮಾಯವಾಗಿ, ಅವರಿಗೆ ಹೋಗಬೇಕಾದ ನೋಟೀಸು ಹೋಗದೆ, 'ಉತ್ತರ ಬಂದಿಲ್ಲ' ಎಂಬ ಷರಾದೊಂದಿಗೆ ಪ್ರಕರಣ ಮುಕ್ತಾಯವಾಗುವುದು ಹೀಗೆಯೇ.

ಕಾನೂನಿನಿಂದಲೇ ಖಾಲಿ ಇರುವ ಕಲಂಗಳು

"ಆಧಾರ್ ಕೊಟ್ಟಿದ್ದೇನೆ, ಮತ್ತೆ ಜಾತಿ, ಆದಾಯದ ಪ್ರಮಾಣಪತ್ರವೇಕೆ?" ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. 2016ರ ಆಧಾರ್ ಅಧಿನಿಯಮದಲ್ಲಿ ಜನಸಂಖ್ಯಾ ವಿವರಗಳಿಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಜನಾಂಗ, ಧರ್ಮ, ಜಾತಿ, ಬುಡಕಟ್ಟು, ಭಾಷೆ, ಆದಾಯ ಮತ್ತು ವೈದ್ಯಕೀಯ ಇತಿಹಾಸ ಸೇರತಕ್ಕದ್ದಲ್ಲವೆಂದು ಹೇಳಲಾಗಿದೆ. ಆದುದರಿಂದ ಆಧಾರ್ ದೃಢೀಕರಣದ ಉತ್ತರದಲ್ಲಿ ಈ ಕಲಂಗಳು ಎಂದಿಗೂ ಬರುವುದಿಲ್ಲ. ಇದು ದೋಷವಲ್ಲ, ಉದ್ದೇಶಪೂರ್ವಕವಾದ ಗೈರುಹಾಜರಿ. ಅದೇ ವರ್ಷದ ನೋಂದಣಿ ವಿನಿಯಮಗಳ ಪ್ರಕಾರ ಹೆಸರು, ಜನ್ಮ ದಿನಾಂಕ, ಲಿಂಗ ಮತ್ತು ವಿಳಾಸ ಕಡ್ಡಾಯವಾಗಿಯೂ, ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಐಚ್ಛಿಕವಾಗಿಯೂ ಇದ್ದವು. ಮೊಬೈಲ್ ಸಂಖ್ಯೆ ಇಲ್ಲದೆ ಆಧಾರ್ ಪಡೆದ ವ್ಯಕ್ತಿ ಕಾನೂನುಬದ್ಧವಾಗಿಯೇ ಪಡೆದಿರುತ್ತಾರೆ. ಅವರ ಸಂದೇಶದಲ್ಲಿ ಮೊಬೈಲ್ ಕಲಂ ಇಲ್ಲವೆಂದು ತಂತ್ರಾಂಶ ನಿಂತುಬಿಟ್ಟರೆ ತಪ್ಪು ತಂತ್ರಾಂಶದ್ದು.

ಜನನ ದಾಖಲೆಯೂ ಹಾಗೆಯೇ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಪ್ರಕರಣವು ಮಗುವಿಗೆ ಹೆಸರಿಡುವ ಮೊದಲೇ ಜನನವನ್ನು ನೋಂದಾಯಿಸಿ, ಹೆಸರನ್ನು ನಂತರ ಸೇರಿಸಲು ಅವಕಾಶ ಕಲ್ಪಿಸಿದೆ. ನಮ್ಮಲ್ಲಿ ನಾಮಕರಣಕ್ಕೆ ತನ್ನದೇ ಆದ ದಿನವಿದೆ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನಕ್ಕೆ ಅದು ಕಾಯುವುದಿಲ್ಲ. ಹೀಗಾಗಿ ಹೆಸರಿನ ಕಲಂ ಖಾಲಿ ಇರುವ ಜನನ ಪ್ರಮಾಣಪತ್ರವು ಅಪೂರ್ಣವಲ್ಲ, ಸಿಂಧುವೇ. ಆದರೆ 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಂದು ಅಥವಾ ನಂತರ ಜನಿಸಿದವರಿಗೆ ಶಾಲಾ ಪ್ರವೇಶ ಮುಂತಾದ ಉದ್ದೇಶಗಳಿಗಾಗಿ ಜನ್ಮ ದಿನಾಂಕ ಮತ್ತು ಜನ್ಮಸ್ಥಳ ಸಾಬೀತುಪಡಿಸಲು ಜನನ ಪ್ರಮಾಣಪತ್ರವನ್ನೇ ಬಳಸಬೇಕಾಗಿರುವುದರಿಂದ, ಪೋಷಕರು ಹೆಸರು ಸೇರಿಸುವ ಕೆಲಸವನ್ನು ಮುಂದೂಡದಿರುವುದು ಒಳ್ಳೆಯದು.

ನಮೂನೆಯಲ್ಲಿ ಐಚ್ಛಿಕ, ಒಳಗಿನ ತಂತ್ರಾಂಶದಲ್ಲಿ ಕಡ್ಡಾಯ

ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲಿಯೇ. ನಿಯಮ ಬದಲಾಗುತ್ತದೆ, ಮುಂದಿನ ನಮೂನೆ ಬದಲಾಗುತ್ತದೆ, ಆದರೆ ಹಿಂದಿನ ಸಾಲಿನಲ್ಲಿರುವ ಮೂರನೆಯ ಅಥವಾ ನಾಲ್ಕನೆಯ ಗಣಕಯಂತ್ರಕ್ಕೆ ಆ ಸುದ್ದಿ ತಲುಪಿರುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಮತ್ತು ತಾಯಿ ಇಬ್ಬರ ಹೆಸರಿನ ಬದಲು ಒಬ್ಬರ ಅಥವಾ ಕಾನೂನುಬದ್ಧ ಪೋಷಕರ ಹೆಸರು ಸಾಕೆಂದು ವಿದೇಶಾಂಗ ಸಚಿವಾಲಯವು ಪ್ರಕಟಿಸಿತು. 2018ರ ಡಿಸೆಂಬರ್ 5ರಿಂದ, ತಾಯಿಯೇ ಏಕೈಕ ಪೋಷಕರಾಗಿರುವ ಅರ್ಜಿದಾರರಿಗೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದು ಆದಾಯ ತೆರಿಗೆ ನಿಯಮಗಳನ್ನು ತಿದ್ದಲಾಯಿತು. ಇಂತಹ ದಾಖಲೆ ಹೊಂದಿದವರು ಮತ್ತೊಂದು ಸೇವೆಗೆ ಅರ್ಜಿ ಹಾಕಿದಾಗ, ತಂದೆಯ ಹೆಸರಿಲ್ಲದ ಸಂದೇಶವನ್ನು ಸ್ವೀಕರಿಸುವ ತಂತ್ರಾಂಶವು ಅದನ್ನು ಒಪ್ಪುವಂತಿರಬೇಕು. ಇಲ್ಲದಿದ್ದರೆ ತಾಯಿಯೊಬ್ಬಳೇ ಸಾಕಿದ ಮಗುವಿಗೆ ಕಾಯಿದೆ ಕೊಟ್ಟ ಅನುಕೂಲವನ್ನು ಗಣಕಯಂತ್ರವು ಕಿತ್ತುಕೊಂಡಂತಾಗುತ್ತದೆ. ಅಂತಹ ಸಂದರ್ಭದಲ್ಲಿ ಅರ್ಜಿದಾರರು ಕಾಲ್ಪನಿಕ ಹೆಸರನ್ನಾಗಲಿ, ಚುಕ್ಕೆಯನ್ನಾಗಲಿ ತುಂಬಿ ಮುಂದುವರಿಯುವ ಅಗತ್ಯವಿಲ್ಲ. ಲಿಖಿತವಾಗಿ ಹಿಂಬರಹ ಕೇಳತಕ್ಕದ್ದು.

ಹೆಸರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮೊದಲ ಹೆಸರು, ನಡುವಿನ ಹೆಸರು, ಕುಲನಾಮ ಎಂಬ ಮೂರು ಪೆಟ್ಟಿಗೆಗಳು ನಮ್ಮ ನಾಡಿನ ಹೆಸರುಗಳನ್ನು ನೋಡಿ ಮಾಡಿದವುಗಳಲ್ಲ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ. ಹಳೆಯ ಮೈಸೂರು ಭಾಗದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇರುತ್ತವೆ. ಇನ್ನು ಲಕ್ಷ್ಮಮ್ಮ, ಕೆಂಚಪ್ಪ ಎಂಬಂತೆ ಒಂದೇ ಹೆಸರಿನವರು ಊರೂರಿನಲ್ಲಿಯೂ ಇದ್ದಾರೆ. ಕುಲನಾಮದ ಕಲಂ ಖಾಲಿ ಇದೆಯೆಂದು ತಂತ್ರಾಂಶವು ಹೆಸರನ್ನೇ ಎರಡು ಸಲ ಬರೆದುಕೊಂಡರೆ 'ಲಕ್ಷ್ಮಮ್ಮ ಲಕ್ಷ್ಮಮ್ಮ' ಎಂಬ ಹೊಸ ವ್ಯಕ್ತಿ ಹುಟ್ಟುತ್ತಾಳೆ. ಆಕೆಯ ಬ್ಯಾಂಕ್ ಪಾಸ್ ಪುಸ್ತಕದ ಹೆಸರಿಗೆ ಇದು ತಾಳೆಯಾಗದೆ ಸಹಾಯಧನ ನಿಲ್ಲುತ್ತದೆ. ಖಾಲಿ ಕುಲನಾಮವನ್ನು ಖಾಲಿಯಾಗಿಯೇ ಇಡುವುದು ಒಂದೇ ಸರಿಯಾದ ಮಾರ್ಗವೆಂಬುದು ನನ್ನ ಅಭಿಪ್ರಾಯ.

ಜನ್ಮ ದಿನಾಂಕದಲ್ಲಿ ವರ್ಷ ಮಾತ್ರ ತಿಳಿದಿರುವ ಹಿರಿಯರ ಸಂಖ್ಯೆ ಕಡಿಮೆಯಿಲ್ಲ. ಅವರ ಆಧಾರ್ ಪತ್ರದಲ್ಲಿಯೂ ಹುಟ್ಟಿದ ವರ್ಷ ಮಾತ್ರ ಇರುವುದುಂಟು. ಅಂತಹ ವ್ಯಕ್ತಿಯ ಸಂದೇಶದಲ್ಲಿ '1961' ಎಂದಷ್ಟೇ ಬಂದರೆ, ತಂತ್ರಾಂಶವು ದಿನ ಮತ್ತು ತಿಂಗಳನ್ನು ತಾನಾಗಿ ಜನವರಿ 1 ಎಂದು ತುಂಬಿದರೆ ಒಂದು ಫಲ, ಡಿಸೆಂಬರ್ 31 ಎಂದು ತುಂಬಿದರೆ ಮತ್ತೊಂದು ಫಲ. 65 ವರ್ಷ ತುಂಬಿದವರಿಗೆ ದೊರೆಯುವ ಸಂಧ್ಯಾ ಸುರಕ್ಷಾ ಪಿಂಚಣಿಯ ಲೆಕ್ಕದಲ್ಲಿ ಈ ಎರಡರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಪಿಂಚಣಿ ಅಡಗಿದೆ. ಇದನ್ನು ತಂತ್ರಾಂಶ ಬರೆದವರ ಅಭ್ಯಾಸಕ್ಕೆ ಬಿಡಲಾಗದು. ಬಂದದ್ದು ವರ್ಷ ಮಾತ್ರವೆಂದು ದಾಖಲಿಸಿಕೊಂಡು, ವಯಸ್ಸಿನ ತೀರ್ಮಾನವನ್ನು ಯೋಜನೆಯ ಆದೇಶಕ್ಕೆ ಅನುಸಾರವಾಗಿ ಅಧಿಕಾರಿಯೇ ಕೈಗೊಂಡು ಕಡತದಲ್ಲಿ ಕಾರಣ ಬರೆಯತಕ್ಕದ್ದು. ಲಿಂಗದ ಕಲಂಗೂ ಇದೇ ಮಾತು ಸಲ್ಲುತ್ತದೆ. ಕಲಂ ಬಾರದಿದ್ದಾಗ 'ಪುರುಷ' ಎಂದು ತುಂಬಿಕೊಳ್ಳುವ ತಂತ್ರಾಂಶವು ಮಹಿಳೆಯರಿಗೂ, 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾನ್ಯ ಮಾಡಿದ ತೃತೀಯ ಲಿಂಗದವರಿಗೂ ಅನ್ಯಾಯ ಮಾಡುತ್ತದೆ.

ಶುಲ್ಕ ಪಾವತಿಯ ಸಂದೇಶಗಳು

ಹಣದ ವಿಷಯದಲ್ಲಿ ನಾಗರಿಕರ ಆತಂಕ ಹೆಚ್ಚಾಗಿರುವುದು ಸಹಜವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲಾಗುತ್ತಿದೆ. ಪಾವತಿ ಸೂಚನೆಯಲ್ಲಿ ಸಾಮಾನ್ಯವಾಗಿ ಅರ್ಜಿಯ ಅಥವಾ ಚಲನ್‌ನ ಸಂಖ್ಯೆ, ಮೊತ್ತ, ವಹಿವಾಟಿನ ಸಂಖ್ಯೆ, ದಿನಾಂಕ ಹಾಗೂ ಸ್ಥಿತಿ ಇರುತ್ತವೆ. ಪಾವತಿ ಮಾಡಿದವರ ಹೆಸರು, ಇ-ಮೇಲ್ ಇವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಗನ ದೂರವಾಣಿಯಿಂದ ತಂದೆಯ ಶುಲ್ಕ ಕಟ್ಟುವುದು ನಿತ್ಯದ ಸಂಗತಿ.

ಸ್ಥಿತಿ ತಿಳಿಸುವ ಕಲಂ ಬಾರದಿದ್ದರೆ ಅದನ್ನು 'ಯಶಸ್ವಿ' ಎಂದು ತಿಳಿಯುವಂತಿಲ್ಲ, 'ವಿಫಲ' ಎಂದು ತಿಳಿಯುವಂತೆಯೂ ಇಲ್ಲ. ಯಶಸ್ವಿ ಎಂದುಕೊಂಡರೆ ಬೊಕ್ಕಸಕ್ಕೆ ನಷ್ಟ. ವಿಫಲ ಎಂದುಕೊಂಡರೆ ಅರ್ಜಿದಾರರು ಎರಡನೆಯ ಬಾರಿ ಹಣ ಕಟ್ಟುತ್ತಾರೆ. ಆಗ ತಂತ್ರಾಂಶವು ವಹಿವಾಟಿನ ಸಂಖ್ಯೆಯನ್ನು ಹಿಡಿದು ಪಾವತಿ ಸಂಸ್ಥೆಯನ್ನು ತಾನೇ ಕೇಳಿ ತಿಳಿಯಬೇಕಾಗುತ್ತದೆ. 'ಪಾವತಿ ದೃಢಪಟ್ಟಿಲ್ಲ' ಎಂಬ ಸ್ಥಿತಿಯು ಹಲವು ಬಾರಿ ಈ ವಿಚಾರಣೆ ನಡೆಯುತ್ತಿರುವ ಅವಧಿಯದಾಗಿರುತ್ತದೆ.

ಅರ್ಜಿಯ ಸಂಖ್ಯೆಯ ಕಲಮೇ ಇಲ್ಲದೆ ಮೊತ್ತ ಮತ್ತು ವಹಿವಾಟಿನ ಸಂಖ್ಯೆ ಮಾತ್ರ ಬಂದರೆ ಏನು ಮಾಡಬೇಕು? ಅದೇ ದಿನ ಅದೇ ಮೊತ್ತ ಕಟ್ಟಬೇಕಾಗಿದ್ದ ಅರ್ಜಿಯನ್ನು ಹುಡುಕಿ ಅದಕ್ಕೆ ಜಮೆ ಮಾಡುವುದು ಸುಲಭವೆಂದು ತೋರಬಹುದು. ಆದರೆ ಒಂದು ಸೇವೆಯ ಶುಲ್ಕ ಎಲ್ಲರಿಗೂ ಒಂದೇ ಆಗಿರುತ್ತದೆ. ಒಂದೇ ಗಂಟೆಯಲ್ಲಿ ಹಲವರು ಅದೇ ಮೊತ್ತವನ್ನು ಕಟ್ಟಿರುತ್ತಾರೆ. ಊಹೆಯಿಂದ ಜಮೆ ಮಾಡಿದರೆ ಒಬ್ಬರ ಹಣ ಮತ್ತೊಬ್ಬರಿಗೆ ಸೇರುತ್ತದೆ. ಲೆಕ್ಕಪತ್ರದಲ್ಲಿ ಇದಕ್ಕೆ ಹಳೆಯ ಉಪಾಯವೊಂದಿದೆ: ವಿವರ ತಿಳಿಯದ ಜಮೆಯನ್ನು ಅಮಾನತು ಲೆಕ್ಕದಲ್ಲಿಟ್ಟು, ಪುರಾವೆ ದೊರೆತ ನಂತರವೇ ಸರಿಯಾದ ಶೀರ್ಷಿಕೆಗೆ ವರ್ಗಾಯಿಸುವುದು. ಗಣಕಯಂತ್ರಕ್ಕೂ ಇದಕ್ಕಿಂತ ಉತ್ತಮವಾದ ಉಪಾಯ ಇನ್ನೂ ದೊರೆತಿಲ್ಲ. ಅಮಾನತಿನಲ್ಲಿರುವ ಹಣ ಕಳೆದುಹೋದ ಹಣವಲ್ಲ. ಅರ್ಜಿದಾರರು ವಹಿವಾಟಿನ ಸಂಖ್ಯೆಯನ್ನು ಒದಗಿಸಿದರೆ ತಾಳೆ ನೋಡಲು ಸಾಧ್ಯವಾಗುತ್ತದೆ. ಯುಪಿಐ ಮೂಲಕ ಕಟ್ಟಿದ್ದಲ್ಲಿ ಇದು 12 ಅಂಕಿಗಳ ಸಂಖ್ಯೆಯಾಗಿರುತ್ತದೆ. ಹಣ ಕಡಿತವಾದ ಪರದೆಯ ಚಿತ್ರಕ್ಕಿಂತ ಈ ಸಂಖ್ಯೆಯೇ ಹೆಚ್ಚು ಉಪಯುಕ್ತ.

ಒಂದೇ ಸೂಚನೆ ಎರಡು ಮೂರು ಬಾರಿ ಬರುವುದೂ ಸಾಮಾನ್ಯ. ವಹಿವಾಟಿನ ಸಂಖ್ಯೆ ಒಂದೇ ಆಗಿದ್ದರೆ ಎರಡನೆಯದನ್ನು ಹೊಸ ಪಾವತಿಯೆಂದು ಎಣಿಸುವಂತಿಲ್ಲ. ಮೊದಲ ಸೂಚನೆಯಲ್ಲಿ ಖಾಲಿ ಇದ್ದ ಕಲಂ ಎರಡನೆಯದರಲ್ಲಿ ತುಂಬಿ ಬಂದಿದ್ದರೆ ಅದನ್ನು ಸೇರಿಸಿಕೊಳ್ಳಬಹುದು; ತುಂಬಿದ್ದ ಕಲಂ ಎರಡನೆಯದರಲ್ಲಿ ಖಾಲಿಯಾಗಿ ಬಂದರೆ ಮೊದಲಿನದನ್ನು ಅಳಿಸುವಂತಿಲ್ಲ.

ಖಾತೆಯಿಂದ ಹಣ ಕಡಿತವಾಗಿ ಸ್ವೀಕರಿಸುವ ಸಂಸ್ಥೆಗೆ ದೃಢೀಕರಣ ತಲುಪದಿದ್ದ ಪಕ್ಷದಲ್ಲಿ ಅನುಸರಿಸಬೇಕಾದ ಕಾಲಮಿತಿಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ನಿಗದಿಪಡಿಸಿದೆ. ಅದರಂತೆ ಯುಪಿಐ ಮೂಲಕ ವ್ಯಾಪಾರಿ ಸಂಸ್ಥೆಗೆ ಮಾಡಿದ ಪಾವತಿ ಹಾಗೂ ಅಂತರ್ಜಾಲದಲ್ಲಿ ಕಾರ್ಡ್ ಮೂಲಕ ಮಾಡಿದ ಪಾವತಿಗಳಲ್ಲಿ, ವಹಿವಾಟು ನಡೆದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಖಾತೆಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ. ಆದುದರಿಂದ ಪುಟದಲ್ಲಿ 'ದೃಢಪಟ್ಟಿಲ್ಲ' ಎಂದು ಕಂಡ ತಕ್ಷಣ ಮತ್ತೊಮ್ಮೆ ಹಣ ಕಟ್ಟಬಾರದೆಂದು ಕೋರಲಾಗಿದೆ. ಸೇವೆಯ ಕೊನೆಯ ದಿನಾಂಕ ಸಮೀಪಿಸಿದ್ದರೆ ಮಾತ್ರ ಸಹಾಯ ಕೇಂದ್ರವನ್ನು ಸಂಪರ್ಕಿಸಿ, ದೂರಿನ ಸಂಖ್ಯೆ ಪಡೆದು ಮುಂದುವರಿಯುವುದು ಸೂಕ್ತ.

ತಡೆಹಿಡಿಯುವುದೋ, ತಿರಸ್ಕರಿಸುವುದೋ

ಕಡ್ಡಾಯ ಕಲಂ ಒಂದು ಬಾರದಿದ್ದಾಗ ಅರ್ಜಿಯನ್ನು ತಿರಸ್ಕರಿಸುವುದಕ್ಕಿಂತ ತಡೆಹಿಡಿದು ಕೇಳುವುದು ಮೇಲು. ಆದರೆ ಸದ್ದಿಲ್ಲದೆ ತಡೆಹಿಡಿಯುವುದು ತಿರಸ್ಕಾರಕ್ಕಿಂತ ಕೆಟ್ಟದ್ದು. ತಿರಸ್ಕೃತ ಅರ್ಜಿಯ ಬಗ್ಗೆ ಮೇಲ್ಮನವಿಯನ್ನಾದರೂ ಸಲ್ಲಿಸಬಹುದು, ಸುಮ್ಮನೆ ಕುಳಿತ ಅರ್ಜಿಯ ಬಗ್ಗೆ ಯಾರನ್ನು ಕೇಳುವುದು? ಯಾವ ಕಲಂ ಬಂದಿಲ್ಲ, ಅದು ಅರ್ಜಿದಾರರಿಂದ ಬರಬೇಕೋ ಅಥವಾ ಬೇರೆ ಇಲಾಖೆಯ ಗಣಕಯಂತ್ರದಿಂದ ಬರಬೇಕೋ ಎಂಬುದು ಸ್ಥಿತಿ ಪುಟದಲ್ಲಿ ಕಾಣತಕ್ಕದ್ದು.

ಈ ವ್ಯತ್ಯಾಸಕ್ಕೆ ಕಾನೂನಿನ ಮಹತ್ವವಿದೆ. 2011ರ ಸಕಾಲ ಅಧಿನಿಯಮದಡಿ ಅಧಿಸೂಚಿತವಾದ ಸೇವೆಗಳಲ್ಲಿ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ನಿಗದಿತ ಕಾಲಮಿತಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಾಗರಿಕರಿಗಿದೆ. ಮೊತ್ತ ಸಣ್ಣದೆಂಬುದು ನಿಜ, ಆದರೆ ದಿನಗಳನ್ನು ಎಣಿಸುವ ಹಕ್ಕು ಸಣ್ಣದಲ್ಲ. ಅರ್ಜಿದಾರರು ದಾಖಲೆ ಕೊಡದಿದ್ದರೆ ವಿಳಂಬಕ್ಕೆ ಅವರು ಹೊಣೆ. ಒಂದು ಗಣಕಯಂತ್ರ ಮತ್ತೊಂದಕ್ಕೆ ಉತ್ತರಿಸದಿದ್ದರೆ ಅವರು ಹೊಣೆಯಲ್ಲ. ಸ್ವೀಕೃತಿ ಸಂಖ್ಯೆಯನ್ನು ಪಡೆಯದೆ ಕೌಂಟರ್‌ನಿಂದ ಹೊರಡಬಾರದು.

ಆಧಾರ್ ಸಂಖ್ಯೆಯೇ ಇಲ್ಲದ ಅರ್ಜಿದಾರರ ವಿಷಯದಲ್ಲಿಯೂ ಕಾನೂನು ಸ್ಪಷ್ಟವಾಗಿದೆ. ಸಹಾಯಧನ ಹಾಗೂ ಸೌಲಭ್ಯಗಳಿಗೆ ಸಂಬಂಧಿಸಿದ 7ನೆಯ ಪ್ರಕರಣದಲ್ಲಿ, ಆಧಾರ್ ಸಂಖ್ಯೆ ಇನ್ನೂ ನೀಡಲಾಗದ ವ್ಯಕ್ತಿಗೆ ಪರ್ಯಾಯ ಗುರುತಿನ ವಿಧಾನವನ್ನು ಒದಗಿಸಬೇಕೆಂದಿದೆ. ಆ ಕಲಂ ಖಾಲಿ ಇರುವುದು ಅರ್ಜಿಯನ್ನು ಬಾಗಿಲಲ್ಲೇ ತಡೆಯಲು ಕಾರಣವಾಗತಕ್ಕದ್ದಲ್ಲ.

ಅರ್ಜಿ ತುಂಬುವಾಗ ಗಮನಿಸಬೇಕಾದ ಅಂಶಗಳು

ಐಚ್ಛಿಕ ಕಲಂ ಅನ್ವಯಿಸದಿದ್ದರೆ ಅದನ್ನು ಖಾಲಿಯಾಗಿಯೇ ಬಿಡುವುದು ಉತ್ತಮ. 'ಇಲ್ಲ', 'ಎನ್‌ಎ', ಅಡ್ಡಗೆರೆ ಇವುಗಳನ್ನು ಬರೆದರೆ ತಂತ್ರಾಂಶವು ಅವುಗಳನ್ನೇ ಉತ್ತರವೆಂದು ಓದಿ, ನಡುವಿನ ಹೆಸರು 'ಇಲ್ಲ' ಎಂದು ಪ್ರಮಾಣಪತ್ರದಲ್ಲಿ ಮುದ್ರಿಸುವ ಸಂಭವವಿದೆ. ಮೊಬೈಲ್ ಕಲಂನಲ್ಲಿ ಹತ್ತು ಒಂಬತ್ತುಗಳನ್ನು ತುಂಬುವ ರೂಢಿಯನ್ನು ಕೈಬಿಡಬೇಕು. ಅದಕ್ಕಿಂತಲೂ ಅಪಾಯಕರವಾದದ್ದು ಅರ್ಜಿ ತುಂಬಿಕೊಟ್ಟ ಸೈಬರ್ ಕೇಂದ್ರದವರ ಸಂಖ್ಯೆಯನ್ನು ನಮೂದಿಸುವುದು. ಏಕೆಂದರೆ ಮುಂದೆ ಬರುವ ಒಟಿಪಿ ಮತ್ತು ಸೂಚನೆಗಳೆಲ್ಲ ಅವರಿಗೇ ಹೋಗುತ್ತವೆ, ಅರ್ಜಿದಾರರಿಗೆ ತಮ್ಮ ಅರ್ಜಿಯಲ್ಲಿ ಯಾವ ಕಲಂ ಬಾಕಿ ಇದೆಯೆಂಬುದು ತಿಳಿಯುವುದೇ ಇಲ್ಲ. ಸ್ವಂತ ಮೊಬೈಲ್ ಇಲ್ಲದವರು ಮನೆಯವರ ಸಂಖ್ಯೆ ಕೊಡಬಹುದು.

ಬ್ಯಾಂಕ್ ಖಾತೆಯ ಸಂಖ್ಯೆ ಸೊನ್ನೆಯಿಂದ ಆರಂಭವಾಗುತ್ತಿದ್ದರೆ ಆ ಸೊನ್ನೆಗಳನ್ನು ಬಿಡುವಂತಿಲ್ಲ. ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರಗಳಿದ್ದು, ಐದನೆಯದು ಯಾವಾಗಲೂ ಅಂಕಿಯ ಸೊನ್ನೆಯೇ ಆಗಿರುತ್ತದೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರವನ್ನು ಒತ್ತುವವರು ಬಹಳ ಮಂದಿ.

ಕನ್ನಡದಲ್ಲಿ ಹೆಸರು ತುಂಬುವವರಿಗೆ ಎರಡು ಮಾತು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ನಕಲು ಮಾಡಿ ಅಂಟಿಸಿದರೆ, ಇನ್ನೊಂದು ಗಣಕಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ತಲುಪುತ್ತದೆ. ಕೆಲವೊಮ್ಮೆ ಕನ್ನಡ ಅಕ್ಷರಗಳ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಬರುತ್ತವೆ. ಕಲಂ ತುಂಬಿದಂತೆ ಕಂಡರೂ ಒಳಗೆ ಹೆಸರಿಲ್ಲ. ತಂತ್ರಾಂಶವು ಇದನ್ನು ಖಾಲಿ ಎಂದು ಗುರುತಿಸುವುದೂ ಇಲ್ಲ. ಆದುದರಿಂದ ಯುನಿಕೋಡ್ ಕೀಲಿಮಣೆಯಲ್ಲಿಯೇ ನೇರವಾಗಿ ಬೆರಳಚ್ಚು ಮಾಡಿ, ಸಲ್ಲಿಸುವ ಮೊದಲು ಮುನ್ನೋಟದ ಪುಟದಲ್ಲಿ ಹೆಸರನ್ನು ಒಮ್ಮೆ ಓದಿ ನೋಡತಕ್ಕದ್ದು. ಎರಡನೆಯದಾಗಿ, ಮೊಬೈಲ್ ಸಂಖ್ಯೆ, ಪಿನ್ ಕೋಡ್ ಮುಂತಾದವುಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಾಗ ಎಲ್ಲ ತಂತ್ರಾಂಶಗಳೂ ಅವುಗಳನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ. ಅದರಲ್ಲಿಯೂ ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ ತೆರನಾಗಿದ್ದು, ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಿದ್ದರೆ ಕಣ್ಣಿಗೆ ತಿಳಿಯುವುದಿಲ್ಲ. ಅಂಕಿಗಳ ಕಲಂಗಳಲ್ಲಿ ಸದ್ಯಕ್ಕೆ ಇಂಗ್ಲಿಷ್ ಅಂಕಿಗಳನ್ನು ಬಳಸುವುದು ಕ್ಷೇಮ. ಕನ್ನಡ ಅಂಕಿಗಳನ್ನೂ ಒಪ್ಪುವಂತೆ ತಂತ್ರಾಂಶವನ್ನು ಸಜ್ಜುಗೊಳಿಸುವುದು ಕಷ್ಟದ ಕೆಲಸವೇನಲ್ಲ, ಮಾಡತಕ್ಕದ್ದೇ ಆಗಿದೆ.

ಸ್ಥಿತಿ ಪುಟದಲ್ಲಿ 'ಮಾಹಿತಿ ನಿರೀಕ್ಷಿಸಲಾಗಿದೆ' ಎಂದು ಕಂಡು, ಯಾವ ಮಾಹಿತಿ ಎಂಬುದು ತಿಳಿಯದಿದ್ದಲ್ಲಿ, ಸ್ವೀಕೃತಿ ಸಂಖ್ಯೆಯನ್ನು ನಮೂದಿಸಿ 'ಬಾಕಿ ಇರುವ ಕಲಂನ ಹೆಸರು ಮತ್ತು ಅದು ಯಾರಿಂದ ಬರಬೇಕಾಗಿದೆ' ಎಂಬ ಎರಡು ವಿಷಯಗಳನ್ನು ಮಾತ್ರ ಕೇಳಿ ಸಂಬಂಧಿಸಿದ ಶಾಖೆಗೆ ಬರೆಯಬಹುದು. ಹೊಸ ಅರ್ಜಿಯನ್ನು ಸಲ್ಲಿಸಬಾರದು. ಅದಕ್ಕೆ ಹೊಸ ಸಂಖ್ಯೆ ಬೀಳುವುದರಿಂದ, ತಡವಾಗಿ ಬರುವ ಉತ್ತರವು ಹಳೆಯ ಅರ್ಜಿಗೆ ಸೇರಿ ಹೊಸದು ಮತ್ತೆ ಖಾಲಿಯಾಗಿಯೇ ಉಳಿಯುತ್ತದೆ.